ತೋಳ, ಬಾವಿ, ಐದು ಗಂಟೆ: ಅಲ್ಪಮತದ ಹಳ್ಳಿ ಶಾಸಕ ಬರೆಯುವ ಪತ್ರ ಓದುವುದು ಹೇಗೆ?

2019ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ತಮಾಷೆಯ ಮಸೂದೆ ಬಂತು. ನಂಬರ್ 1639. ಸಿಯಾಟಲ್ ಎದುರಿಗಿರುವ ಬೈನ್‌ಬ್ರಿಜ್ ದ್ವೀಪವನ್ನು ತೋಳಗಳ ಅಭಯಧಾಮ ಮಾಡಬೇಕು ಅನ್ನುವುದು ಅದರ ಸಾರ. ಬೈನ್‌ಬ್ರಿಜ್ ಅಂದರೆ ದಟ್ಟ ಕಾಡೇನಲ್ಲ. ಸಿಯಾಟಲ್‌ನಲ್ಲಿ ಫೆರಿ ಹತ್ತಿ ಅರ್ಧ ಗಂಟೆ ಕೂತರೆ ಸಿಗುವ, ಅನುಕೂಲಸ್ಥರು ಮನೆ ಕಟ್ಟಿಕೊಂಡಿರುವ ದ್ವೀಪ. ಅಲ್ಲಿಗೆ ತೋಳ ಬಿಡಿ ಅಂದವರು ಜೋಯಲ್ ಕ್ರೆಟ್ಸ್. ರಿಪಬ್ಲಿಕನ್ ಪಕ್ಷದವರು. ರಾಜ್ಯದ ಈಶಾನ್ಯ ಮೂಲೆಯ ಏಳನೇ ಕ್ಷೇತ್ರದ ಆಗಿನ ಶಾಸಕರು. ವೃತ್ತಿಯಿಂದ ರಾಂಚರ್, ಅಂದರೆ ನೂರಾರು ಎಕರೆ ಹುಲ್ಲುಗಾವಲಿಟ್ಟುಕೊಂಡು ಜಾನುವಾರು ಸಾಕಿ ಬದುಕುವವರು.

ಮಸೂದೆ ಪಾಸಾಗಲಿಲ್ಲ. ಪಾಸಾಗುತ್ತದೆ ಅಂತ ಅವರೂ ನಂಬಿದ್ದರು ಅಂತ ನನಗನ್ನಿಸುವುದಿಲ್ಲ. ಹಾಗಾದರೆ ಸುಮ್ನೆ ಯಾಕೆ ಬರೆದರು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ, ಇಂಥ ಶಾಸಕರು ತಮ್ಮ ಮತದಾರರಿಗೆ ಕಳಿಸುವ ಪತ್ರಗಳೂ ಅರ್ಥವಾಗುತ್ತವೆ. ಅಧಿವೇಶನ ನಡೆಯುವಾಗ ವಾರಕ್ಕೊಂದೋ ಹದಿನೈದು ದಿನಕ್ಕೊಂದೋ ಇಮೇಲ್, ಮಧ್ಯೆ ಒಂದೆರಡು ಚಿಕ್ಕ ವಿಡಿಯೊ, ಆಗಾಗ ಫೋನಿನಲ್ಲೇ ನಡೆಯುವ ಸಭೆ. ಮೇಲ್ನೋಟಕ್ಕೆ ಇವು ಜಾಹೀರಾತಿನ ಹಾಗೆ ಕಾಣುತ್ತವೆ. ಅರ್ಧ ನಿಜವೂ ಹೌದು. ಆದರೆ ಬಹುಮತವೇ ಇಲ್ಲದ ಶಾಸಕನಿಗೆ ಆ ಪತ್ರವೇ ಮುಖ್ಯ ಕೆಲಸ. ಓಟಿನಲ್ಲಿ ಗೆಲ್ಲಲಾಗದ್ದನ್ನು ಅವನು ಜನರನ್ನು ಸೇರಿಸಿ, ಗಡಿಯಾರವನ್ನು ಬಳಸಿ ಗೆಲ್ಲಲು ನೋಡುತ್ತಾನೆ.

ಮೊದಲು ಊರಿನ ಚಿತ್ರ. ವಾಷಿಂಗ್ಟನ್ ರಾಜ್ಯವನ್ನು ಕ್ಯಾಸ್ಕೇಡ್ ಪರ್ವತಸಾಲು ಎರಡು ಮಾಡಿದೆ. ಪಶ್ಚಿಮಕ್ಕೆ ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್. ಮೈಕ್ರೋಸಾಫ್ಟ್, ಅಮೆಜಾನ್ ಅಂತ ಹೋಗಿ ನೆಲೆಸಿರುವ ನಮ್ಮ ಕನ್ನಡಿಗರೆಲ್ಲ ಹೆಚ್ಚಾಗಿ ಇರುವುದು ಇಲ್ಲೇ. ಪೂರ್ವಕ್ಕೆ ಗೋಧಿ ಹೊಲ, ಸೇಬಿನ ತೋಟ, ದನದ ಹುಲ್ಲುಗಾವಲು, ಪೈನ್ ಕಾಡು. ಏಳನೇ ಕ್ಷೇತ್ರ ಕೆನಡಾ ಗಡಿಗೆ ಅಂಟಿಕೊಂಡಿದೆ. ಅದರೊಳಗಿನ ಫೆರಿ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇರುವುದು ಸುಮಾರು 7 ಸಾವಿರ ಜನ. ವಿಸ್ತಾರ ಮಾತ್ರ 5,700 ಚದರ ಕಿಲೋಮೀಟರ್‌ಗಿಂತ ಜಾಸ್ತಿ! ಅದರಲ್ಲೂ ಬಹುಪಾಲು ನೆಲ ಕೇಂದ್ರ ಸರ್ಕಾರದ ಕಾಡು ಇಲ್ಲವೇ ಮೂಲನಿವಾಸಿಗಳ ಮೀಸಲು ಪ್ರದೇಶ. ಅದೇ ಕ್ಷೇತ್ರದ ಕಾಲ್‌ವಿಲ್ ಪಟ್ಟಣದಿಂದ ರಾಜಧಾನಿ ಒಲಿಂಪಿಯಾಗೆ ಕಾರಿನಲ್ಲಿ ಹತ್ತಿರ ಹತ್ತಿರ 600 ಕಿಲೋಮೀಟರ್. ಅಧಿವೇಶನ ಶುರುವಾಗುವುದು ಜನವರಿಯಲ್ಲಿ. ದಾರಿಯಲ್ಲಿ ಹಿಮ ಬಿದ್ದ ಘಾಟಿ ದಾಟಬೇಕು.

ಇನ್ನು ರಾಜಕೀಯದ ಲೆಕ್ಕ. ರಾಜ್ಯದಲ್ಲಿ 49 ಕ್ಷೇತ್ರ. ಪ್ರತಿ ಕ್ಷೇತ್ರಕ್ಕೆ ಒಬ್ಬ ಸೆನೆಟರ್, ಕೆಳಮನೆಗೆ ಇಬ್ಬರು. ಒಂದು ಕ್ಷೇತ್ರದಲ್ಲಿ ಸುಮಾರು ಒಂದೂವರೆ ಲಕ್ಷ ಜನ. ಸಿಯಾಟಲ್ ಇರುವ ಕಿಂಗ್ ಕೌಂಟಿ ಒಂದರಲ್ಲೇ ರಾಜ್ಯದ ಜನಸಂಖ್ಯೆಯ ಕಾಲುಭಾಗಕ್ಕೂ ಹೆಚ್ಚು ಮಂದಿ ಇದ್ದಾರೆ. ಗವರ್ನರ್ ಕುರ್ಚಿ 1985ರಿಂದ ಡೆಮಾಕ್ರಾಟರ ಕೈ ಬಿಟ್ಟಿಲ್ಲ. ಪೂರ್ವದ ರಿಪಬ್ಲಿಕನ್ ಶಾಸಕ ತನ್ನೂರಲ್ಲಿ ಭಾರಿ ಅಂತರದಿಂದ ಗೆಲ್ಲುತ್ತಾನೆ. ಒಲಿಂಪಿಯಾಗೆ ಬಂದು ಸೋಲುತ್ತಾನೆ.

ಇಂಥ ಶಾಸಕರು ತಮ್ಮನ್ನು ಕರೆದುಕೊಳ್ಳುವ ಒಂದು ಪದದ ವಿಚಾರ ಇಲ್ಲಿ ಹೇಳಬೇಕು. 'ಸಂಪ್ರದಾಯವಾದಿ' ಅಂದ ಕೂಡಲೇ ನಮ್ಮ ಮನಸ್ಸಿಗೆ ಮಡಿ, ಆಚಾರ ಬರುತ್ತದೆ, ಅಲ್ವಾ? ಆ ಪತ್ರಗಳಲ್ಲಿ ಅದರ ಅರ್ಥ ಬೇರೆ. ತೆರಿಗೆ ಕಡಿಮೆ ಇರಲಿ. ಸರ್ಕಾರ ಚಿಕ್ಕದಿರಲಿ. ಬಂದೂಕು ಇಟ್ಟುಕೊಳ್ಳುವ ಹಕ್ಕಿಗೆ ಕೈ ಹಾಕಬೇಡಿ. ಮಕ್ಕಳ ಶಾಲೆಯಲ್ಲಿ ಏನು ನಡೆಯುತ್ತದೆ ಅಂತ ಅಪ್ಪ ಅಮ್ಮನಿಗೆ ಗೊತ್ತಾಗಲಿ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮೂರಿನ ನೆಲ ನೀರಿನ ಬಗ್ಗೆ ದೂರದ ಪಟ್ಟಣದವರು ತೀರ್ಮಾನ ಮಾಡಬೇಡಿ. ಈ ಕೊನೆಯ ಮಾತು ಹೆಚ್ಚುಕಡಿಮೆ ಪ್ರತಿ ಪತ್ರದ ತಳದಲ್ಲೂ ಹರಿಯುತ್ತಿರುತ್ತದೆ.

ತೋಳದ ಕಥೆ ಅದಕ್ಕೇ ಸರಿಯಾದ ಉದಾಹರಣೆ. ಕಳೆದ ಶತಮಾನದಲ್ಲಿ ವಾಷಿಂಗ್ಟನ್‌ನಲ್ಲಿ ತೋಳಗಳು ಹೆಚ್ಚುಕಡಿಮೆ ಅಳಿದೇ ಹೋಗಿದ್ದವು. ಅಕ್ಕಪಕ್ಕದ ರಾಜ್ಯಗಳಿಂದ, ಕೆನಡಾದಿಂದ ತಾವಾಗಿಯೇ ಮತ್ತೆ ಬಂದವು. 2008ರಲ್ಲಿ ಮೊದಲ ಗುಂಪು ಖಚಿತವಾಯಿತು. 2023ರ ಕೊನೆಗೆ ಕನಿಷ್ಠ 260 ತೋಳ, 42 ಗುಂಪು. 2011ರಲ್ಲಿ ರಾಜ್ಯ ಸರ್ಕಾರ ಒಂದು ಯೋಜನೆ ಮಾಡಿತು. ರಾಜ್ಯವನ್ನು ಮೂರು ಪ್ರದೇಶ ಮಾಡಿ, ಒಟ್ಟು 15 ಮರಿ ಹಾಕುವ ಜೋಡಿಗಳು ಸತತ ಮೂರು ವರ್ಷ ಇರಬೇಕು, ಪ್ರತಿ ಪ್ರದೇಶದಲ್ಲೂ ಕನಿಷ್ಠ 4 ಜೋಡಿ ಇರಬೇಕು ಅಂತ ಗುರಿ ಇಟ್ಟಿತು. ಆಮೇಲೆ ತೋಳವನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆಯಬಹುದು.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ತೋಳಗಳು ಸರ್ಕಾರದ ನಕ್ಷೆ ನೋಡಿ ಓಡಾಡುವುದಿಲ್ಲವಲ್ಲ. ಅವು ಈಶಾನ್ಯದಲ್ಲೇ, ಅಂದರೆ ಏಳನೇ ಕ್ಷೇತ್ರದ ಕಾಡುಗಳಲ್ಲೇ, ದಟ್ಟವಾಗಿ ಬೆಳೆದವು. ಅಲ್ಲಿನ ಗುರಿ ಯಾವತ್ತೋ ದಾಟಿತು. ಪಶ್ಚಿಮ ಮತ್ತು ದಕ್ಷಿಣ ಕ್ಯಾಸ್ಕೇಡ್ ಕಡೆ ತೋಳ ಅಷ್ಟಾಗಿ ಹೋಗಿ ನೆಲೆಸಲಿಲ್ಲ. ಅಲ್ಲಿ 4 ಜೋಡಿ ಆಗುವ ತನಕ ಇಲ್ಲಿ ಎಷ್ಟೇ ಇದ್ದರೂ ರಾಜ್ಯದ ಪಟ್ಟಿಯಲ್ಲಿ ಅದು ಅಳಿವಿನಂಚಿನ ಪ್ರಾಣಿಯೇ. ಕರು ಕಳೆದುಕೊಳ್ಳುವವನು ಒಂದು ಕಡೆ, ಲೆಕ್ಕ ತುಂಬಬೇಕಾದ್ದು ಇನ್ನೊಂದು ಕಡೆ. ಕಾಡಿನಲ್ಲಿ ಸತ್ತ ಕರು ಸಿಗುವಷ್ಟರಲ್ಲಿ ಮೂಳೆ ಮಾತ್ರ ಉಳಿದಿದ್ದರೆ, ತೋಳವೇ ತಿಂದದ್ದು ಅಂತ ಸಾಬೀತು ಮಾಡುವುದೂ ಕಷ್ಟ. ಸಾಬೀತಾಗದಿದ್ದರೆ ಪರಿಹಾರದ ಮಾತು ಎಲ್ಲಿ?

ಈಗ ಬೈನ್‌ಬ್ರಿಜ್ ಮಸೂದೆ ನೋಡಿ. ಅದೇ ಹೊತ್ತಿಗೆ, ದನ ಹಿಡಿಯುವ ತೋಳಗಳನ್ನು ರಾಜ್ಯ ಸರ್ಕಾರ ಕೊಲ್ಲಬಾರದು ಅಂತ ಇನ್ನೊಂದು ಮಸೂದೆ ಬಂದಿತ್ತು. ಅದನ್ನು ತಂದವರು ಬೈನ್‌ಬ್ರಿಜ್ ಇರುವ ಕ್ಷೇತ್ರದ ಪ್ರತಿನಿಧಿ. 'ತೋಳ ಅಷ್ಟು ಇಷ್ಟವಾದರೆ ನಿಮ್ಮಲ್ಲೇ ಇಟ್ಟುಕೊಳ್ಳಿ' ಅನ್ನುವುದನ್ನು ಕ್ರೆಟ್ಸ್ ಮಸೂದೆಯ ಭಾಷೆಯಲ್ಲಿ ಬರೆದರು. ಪತ್ರಿಕೆಗಳು ಅದನ್ನು ನಗುತ್ತಾ ಬರೆದವು. ಬರೆದವು ಅನ್ನುವುದೇ ಮುಖ್ಯ. ಮೂರು ಪ್ರದೇಶದ ಲೆಕ್ಕದ ಬಗ್ಗೆ ಗಂಭೀರವಾಗಿ ಹತ್ತು ಪುಟ ಬರೆದಿದ್ದರೆ ಸಿಯಾಟಲ್‌ನಲ್ಲಿ ಯಾರು ಓದುತ್ತಿದ್ದರು? ಆದರೆ ಒಂದು ಮಾತು. ತೋಳವನ್ನು ಉಳಿಸಬೇಕು ಅನ್ನುವವರು ಸುಮ್ನೆ ಪಟ್ಟಣದ ಮೋಜಿಗೆ ಹೇಳುತ್ತಿಲ್ಲ. 2012ರಲ್ಲಿ ವೆಡ್ಜ್, 2016ರಲ್ಲಿ ಪ್ರೊಫ್ಯಾನಿಟಿ ಪೀಕ್ ಅನ್ನುವ ಗುಂಪುಗಳ ತೋಳಗಳನ್ನು ಸರ್ಕಾರವೇ ಕೊಂದಿತ್ತು. ಆ ಸಿಟ್ಟಿಗೂ ಕಾರಣ ಇದೆ. ಈಶಾನ್ಯದ ಶಾಸಕರ ಪತ್ರಗಳಲ್ಲಿ ಈ ಭಾಗ ಅಷ್ಟಾಗಿ ಕಾಣುವುದಿಲ್ಲ.

ಇನ್ನು ಗಡಿಯಾರಕ್ಕೆ ಬರೋಣ. ಈ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪದ 'ಕಟ್‌ಆಫ್'. ಇದು ಗೊತ್ತಿಲ್ಲದಿದ್ದರೆ ಪತ್ರ ಓದಿ ಪ್ರಯೋಜನವಿಲ್ಲ. ವಾಷಿಂಗ್ಟನ್‌ನಲ್ಲಿ ಅಧಿವೇಶನ ಜನವರಿಯ ಎರಡನೇ ಸೋಮವಾರ ಶುರುವಾಗುತ್ತದೆ. ಬೆಸ ಸಂಖ್ಯೆಯ ವರ್ಷ 105 ದಿನ, ಸಮ ಸಂಖ್ಯೆಯ ವರ್ಷ 60 ದಿನ. ಅಷ್ಟೇ. ಉಳಿದ ದಿನ ಶಾಸಕರು ರೈತರೋ ವಕೀಲರೋ ಮೇಷ್ಟ್ರೋ ಆಗಿರಬೇಕು ಅನ್ನುವುದು ಅಲ್ಲಿನ ಹಳೆಯ ಕಲ್ಪನೆ. ಈ ಕಡಿಮೆ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಮಸೂದೆ ಬೀಳುತ್ತವೆ. ಕೆಳಮನೆಯ ಮಸೂದೆಗಳ ನಂಬರ್ 1000ದಿಂದ, ಸೆನೆಟ್‌ನವು 5000ದಿಂದ ಶುರು. ಪತ್ರದಲ್ಲಿ ನಂಬರ್ ನೋಡಿದರೆ ಮಸೂದೆ ಎಲ್ಲಿ ಹುಟ್ಟಿತು ಅಂತ ಗೊತ್ತಾಗುತ್ತದೆ.

ಮಸೂದೆ ಮೊದಲು ವಿಷಯ ಸಮಿತಿಗೆ ಹೋಗಬೇಕು. ದುಡ್ಡಿನ ಪ್ರಶ್ನೆ ಇದ್ದರೆ ಹಣಕಾಸಿನ ಸಮಿತಿಗೆ. ಆಮೇಲೆ ಯಾವ ಮಸೂದೆ ಸದನಕ್ಕೆ ಬರಬೇಕು ಅಂತ ಆರಿಸುವ ರೂಲ್ಸ್ ಸಮಿತಿ. ಆಮೇಲೆ ಸದನ. ಅಲ್ಲಿ ಗೆದ್ದರೆ ಇನ್ನೊಂದು ಮನೆಯಲ್ಲಿ ಇದೇ ಮೆಟ್ಟಿಲು ಮತ್ತೆ ಹತ್ತಬೇಕು. ಪ್ರತಿ ಮೆಟ್ಟಿಲಿಗೂ ಒಂದು ಕೊನೆಯ ದಿನ ಇರುತ್ತದೆ. ಅದೇ ಕಟ್‌ಆಫ್. ಆ ದಿನ ದಾಟದಿದ್ದರೆ ಮಸೂದೆ ಸತ್ತಂತೆ. ಸಮಿತಿಯ ಅಧ್ಯಕ್ಷರು ಸಾಮಾನ್ಯವಾಗಿ ಬಹುಮತದ ಪಕ್ಷದವರು. ಯಾವ ಮಸೂದೆಗೆ ವಿಚಾರಣೆ ಕೊಡಬೇಕು ಅನ್ನುವುದು ಅವರ ಕೈಯಲ್ಲಿ. ಹಾಗಾಗಿ ಅಲ್ಪಮತದ ಶಾಸಕನ ಮಸೂದೆಗಳು ಹೆಚ್ಚಾಗಿ ಸೋಲುವುದೂ ಇಲ್ಲ. ಯಾರೂ ಮುಟ್ಟದೆ ಫೈಲಿನಲ್ಲೇ ಒಣಗುತ್ತವೆ. 'ನನ್ನ ಮಸೂದೆಗೆ ವಿಚಾರಣೆ ಸಿಕ್ಕಿತು' ಅಂತ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ನಗಬೇಡಿ. ಅವನ ಮಟ್ಟಿಗೆ ಅದು ದೊಡ್ಡ ಸುದ್ದಿ.

ಆದರೆ ಇದೇ ಗಡಿಯಾರ ಅವನ ಆಯುಧವೂ ಆಗುತ್ತದೆ. ಸದನದ ಕಟ್‌ಆಫ್ ದಿನ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಬಹುಮತದವರ ಬಳಿ ಓಟು ಇದೆ, ಹೊತ್ತು ಇಲ್ಲ. ಒಂದು ವಿವಾದದ ಮಸೂದೆಗೆ ಅಲ್ಪಮತದವರು ಇಪ್ಪತ್ತು ಮೂವತ್ತು ತಿದ್ದುಪಡಿ ತಂದು, ಒಂದೊಂದಕ್ಕೂ ಎದ್ದು ಮಾತಾಡಿದರೆ ಅರ್ಧ ದಿನ ಹೋಗುತ್ತದೆ. ಅಷ್ಟರಲ್ಲಿ ಬಹುಮತದವರದೇ ಹತ್ತು ಮಸೂದೆ ಬೀಳುತ್ತವೆ. ಹಾಗಾಗಿ ಅವರು ಲೆಕ್ಕ ಹಾಕುತ್ತಾರೆ: ಈ ಒಂದಕ್ಕಾಗಿ ಅಷ್ಟನ್ನು ಕಳೆದುಕೊಳ್ಳಬೇಕಾ? ಐದಕ್ಕೆ ಸ್ವಲ್ಪ ಮುಂಚೆ ಒಂದು ಮಸೂದೆ ಕೈಗೆತ್ತಿಕೊಂಡರೆ ಅದನ್ನು ಐದು ಕಳೆದ ಮೇಲೂ ಮುಗಿಸಬಹುದು. ಅಲ್ಲಿನವರು ಇದನ್ನು 'ಐದು ಗಂಟೆಯ ಮಸೂದೆ' ಅಂತಲೇ ಕರೆಯುತ್ತಾರೆ. ಆ ಜಾಗ ಯಾವುದಕ್ಕೆ ಸಿಗುತ್ತದೆ ಅಂತ ಇಡೀ ಒಲಿಂಪಿಯಾ ಕಾಯುತ್ತಿರುತ್ತದೆ. ಅದಕ್ಕೇ ಇಂಥ ಶಾಸಕರ ಪತ್ರದಲ್ಲಿ 'ಮಾಡಿದ್ದು' ಅನ್ನುವ ಪಟ್ಟಿಗಿಂತ 'ನಿಲ್ಲಿಸಿದ್ದು' ಅನ್ನುವ ಪಟ್ಟಿ ಉದ್ದವಾಗಿರುತ್ತದೆ.

'ಸತ್ತಿತು' ಅಂತ ಬರೆದದ್ದನ್ನೂ ಪೂರ್ತಿ ನಂಬಬೇಡಿ. ಬಜೆಟ್ ಜಾರಿಗೆ ಬೇಕೇ ಬೇಕು ಅನ್ನುವ ಹಣೆಪಟ್ಟಿ ಸಿಕ್ಕ ಮಸೂದೆಗೆ ಕಟ್‌ಆಫ್ ಲೆಕ್ಕಕ್ಕಿಲ್ಲ. ಬೆಸ ವರ್ಷದಲ್ಲಿ ಬಿದ್ದ ಮಸೂದೆ ಮುಂದಿನ ಸಮ ವರ್ಷದಲ್ಲಿ ಅದೇ ನಂಬರ್‌ನಲ್ಲಿ ಎದ್ದು ಕೂರಬಹುದು.

ಜನರ ಪಾಲು ಬರುವುದು ವಿಚಾರಣೆಯ ಹಂತದಲ್ಲಿ. 2021ರವರೆಗೆ ಸಾಮಾನ್ಯವಾಗಿ ಕಾಲ್‌ವಿಲ್‌ನ ರೈತನೊಬ್ಬ ಸಮಿತಿಯ ಮುಂದೆ ಎರಡು ನಿಮಿಷ ಮಾತಾಡಬೇಕಾದರೆ ಆ 600 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ ಬರಬೇಕಿತ್ತು. ಕೊಟ್ಟಿಗೆಯ ಕೆಲಸ ಯಾರು ನೋಡುತ್ತಾರೆ? ಕೋವಿಡ್ ಬಂದು ಎಲ್ಲ ಆನ್‌ಲೈನ್ ಆಯಿತು. ಆಮೇಲೂ ಆ ಅನುಕೂಲ ಉಳಿಯಿತು. ಈಗ ಅಡುಗೆಮನೆಯಲ್ಲಿ ಕೂತೇ ಸಾಕ್ಷ್ಯ ಹೇಳಬಹುದು. ಮಾತಾಡಲು ಇಷ್ಟವಿಲ್ಲದಿದ್ದರೆ ವಿಚಾರಣೆ ಶುರುವಾಗುವ ಒಂದು ಗಂಟೆ ಮೊದಲವರೆಗೂ 'ಪರ' ಅಥವಾ 'ವಿರೋಧ' ಅಂತ ಹೆಸರು ದಾಖಲಿಸಬಹುದು. ಸಾವಿರಾರು ಜನ 'ವಿರೋಧ' ಅಂತ ಒತ್ತಿದರೆ ಮಸೂದೆ ತಾನಾಗಿ ಬೀಳುವುದಿಲ್ಲ. ಆದರೆ ಅಂಚಿನಲ್ಲಿರುವ ಒಬ್ಬಿಬ್ಬರು ಸದಸ್ಯರಿಗೆ ಬೆವರು ಬರುತ್ತದೆ. ಪತ್ರದ ನಡುವಿನ ಆ ನೀಲಿ ಲಿಂಕ್ ಇರುವುದು ಇದಕ್ಕಾಗಿಯೇ.

ಹಾಗಾದರೆ ಅಲ್ಪಮತಕ್ಕೆ ನಿಜವಾದ ಬಲ ಸಿಗುವ ಜಾಗವೇ ಇಲ್ಲವಾ? ಒಂದಿದೆ. ಕಟ್ಟಡ, ಸೇತುವೆ, ಶಾಲೆ, ನೀರಿನ ಕಾಮಗಾರಿಗಳ ಕ್ಯಾಪಿಟಲ್ ಬಜೆಟ್. ಅದರ ಬಹುಪಾಲು ದುಡ್ಡು ರಾಜ್ಯ ಬಾಂಡ್ ಮಾರಿ ಎತ್ತುವ ಸಾಲ. ಸಾಲ ಎತ್ತಲು ರಾಜ್ಯದ ಸಂವಿಧಾನದ ಪ್ರಕಾರ ಎರಡೂ ಮನೆಗಳಲ್ಲಿ ಶೇ. 60 ಓಟು ಬೇಕು. ಇಲ್ಲಿ ಮಾತ್ರ ಬಹುಮತದವರು ಅಲ್ಪಮತದವರ ಹೆಗಲು ಹಿಡಿಯಲೇಬೇಕು.

ಇದರ ಬಲ ಏನು ಅಂತ ತೋರಿಸಿದ್ದು 'ಹರ್ಸ್ಟ್' ಗಲಾಟೆ. ವಾಷಿಂಗ್ಟನ್‌ನ ಹಳ್ಳಿಗಾಡಿನಲ್ಲಿ ಮನೆಗೊಂದು ಬಾವಿ ಕೊರೆಸಿಕೊಳ್ಳುವುದು ವಾಡಿಕೆ. 1945ರ ಕಾನೂನಿನ ಪ್ರಕಾರ ದಿನಕ್ಕೆ 5,000 ಗ್ಯಾಲನ್, ಅಂದರೆ ಸುಮಾರು 19 ಸಾವಿರ ಲೀಟರ್ ತನಕ ಅನುಮತಿ ಪತ್ರ ಬೇಕಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹರ್ಸ್ಟ್ ಪ್ರಕರಣದಲ್ಲಿ ಬೇರೆ ತೀರ್ಪು ಕೊಟ್ಟಿತು. ಮನೆ ಕಟ್ಟಲು ಲೈಸೆನ್ಸ್ ಕೊಡುವ ಮುಂಚೆ, ಹೊಸ ಬಾವಿಯಿಂದ ಹೊಳೆಗೂ ಹಳೆಯ ಹಕ್ಕುದಾರರಿಗೂ ತೊಂದರೆ ಇಲ್ಲ ಅಂತ ಕೌಂಟಿಯೇ ಖಾತ್ರಿ ಮಾಡಿಕೊಳ್ಳಬೇಕು ಅಂದಿತು. ತೀರ್ಪಿನ ಹಿಂದಿನ ಕಾಳಜಿ ಸರಿಯಾದದ್ದೇ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಸಾಲ್ಮನ್ ಮೀನು ಉಳಿಯುವುದಿಲ್ಲ. ಆದರೆ ಆ ಪರೀಕ್ಷೆ ಮಾಡಿಸುವ ತಾಕತ್ತು ಸಣ್ಣ ಕೌಂಟಿಗಳಿಗೂ ಇರಲಿಲ್ಲ, ಸೈಟು ಕೊಂಡವನಿಗೂ ಇರಲಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಜಾಗ ಕೊಂಡವರು ಮನೆ ಕಟ್ಟಲಾಗದೆ ಕೂತರು.

2017ರಲ್ಲಿ ಸೆನೆಟ್ ರಿಪಬ್ಲಿಕನ್ನರ ಹಿಡಿತದಲ್ಲಿತ್ತು. ಒಬ್ಬ ಡೆಮಾಕ್ರಾಟ್ ಸದಸ್ಯನನ್ನು ಸೇರಿಸಿಕೊಂಡು 25-24. ಬಾವಿಯ ಸಮಸ್ಯೆ ಬಗೆಹರಿಸುವ ತನಕ ಕ್ಯಾಪಿಟಲ್ ಬಜೆಟ್ ಬಿಡುವುದಿಲ್ಲ ಅಂತ ಅವರು ಪಟ್ಟು ಹಿಡಿದರು. ಅಧಿವೇಶನದ ಮೇಲೆ ಮೂರು ವಿಶೇಷ ಅಧಿವೇಶನ ನಡೆದು ದಿನಗಳು 190 ದಾಟಿದವು. 400 ಕೋಟಿ ಡಾಲರ್ ಕಾಮಗಾರಿ ನಿಂತುಹೋಯಿತು. ಅದರಲ್ಲಿ ಹಳ್ಳಿ ಶಾಲೆಗಳ ಕಟ್ಟಡಗಳೂ ಇದ್ದವು ಅನ್ನುವುದನ್ನು ಮರೆಯಬಾರದು. ನವೆಂಬರ್‌ನಲ್ಲಿ ರೆಡ್‌ಮಂಡ್ ಇರುವ 45ನೇ ಕ್ಷೇತ್ರಕ್ಕೆ ಉಪಚುನಾವಣೆ ನಡೆದು, ಭಾರತದಲ್ಲಿ ಹುಟ್ಟಿದ ಮಂಕಾ ಧಿಂಗ್ರಾ ಗೆದ್ದರು. ಸೆನೆಟ್ ಡೆಮಾಕ್ರಾಟರ ಕೈಗೆ ಹೋಯಿತು. ನಮ್ಮ ಕನ್ನಡಿಗರಲ್ಲಿ ಕೆಲವರೂ ಆ ಚುನಾವಣೆಯಲ್ಲಿ ಓಟು ಹಾಕಿರಬೇಕು.

ಬಹುಮತ ಹೋದ ಮೇಲೆ ರಿಪಬ್ಲಿಕನ್ನರ ಪಟ್ಟು ಸಡಿಲಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಸಾಲಕ್ಕೆ ಬೇಕಾದ್ದು ಶೇ. 60. 2018ರ ಜನವರಿಯಲ್ಲಿ ಬಾವಿಯ ಕಾನೂನು, ಕ್ಯಾಪಿಟಲ್ ಬಜೆಟ್ ಎರಡೂ ಒಟ್ಟಿಗೆ ಪಾಸಾದವು. ಬಾವಿ ಕೊರೆಸಬಹುದು, ಆದರೆ 500 ಡಾಲರ್ ಶುಲ್ಕ ಕಟ್ಟಿ, ನೀರಿಗೆ ಮಿತಿ ಒಪ್ಪಿಕೊಳ್ಳಬೇಕು. ಕೆಲವು ಹೊಳೆಗಳ ಬಯಲಿನಲ್ಲಿ ಆ ಮಿತಿ ದಿನಕ್ಕೆ ಸರಾಸರಿ 950 ಗ್ಯಾಲನ್. ಹೊಳೆಗಳ ಹರಿವು ಉಳಿಸಲು 15 ವರ್ಷಕ್ಕೆ 30 ಕೋಟಿ ಡಾಲರ್. ನನಗೆ ಇದು ಹಳ್ಳಿ ಶಾಸಕರ ದೊಡ್ಡ ಗೆಲುವು ಅನ್ನಿಸುತ್ತದೆ. ಆ ಗೆಲುವಿಗಾಗಿ ಉಳಿದವರೆಲ್ಲ ಆರು ತಿಂಗಳು ಕಾದದ್ದೂ ನಿಜ.

ಇತ್ತೀಚಿನ ಪತ್ರಗಳಲ್ಲಿ ಡೀಸೆಲ್ ಹೆಚ್ಚು. 2021ರ ಹವಾಮಾನ ಕಾನೂನು 2023ರ ಜನವರಿಯಿಂದ ಜಾರಿಗೆ ಬಂತು. ಮಾಲಿನ್ಯ ಮಾಡುವ ಕಂಪನಿಗಳು ಪರವಾನಗಿ ಕೊಳ್ಳಬೇಕು. ಆ ಖರ್ಚು ಡೀಸೆಲ್ ಬೆಲೆಗೂ ಸೇರುತ್ತದೆ. ರೈತರ ಇಂಧನಕ್ಕೆ ವಿನಾಯಿತಿ ಅಂತ ಕಾನೂನಿನಲ್ಲೇ ಇತ್ತು. ಆದರೆ ಬಂಕಿನಲ್ಲಿ ಆ ವಿನಾಯಿತಿ ಕೊಡುವುದು ಹೇಗೆ ಅಂತ ಯಾರೂ ಸರಿಯಾಗಿ ಯೋಚಿಸಿರಲಿಲ್ಲ. ರೈತರು ಪೂರ್ತಿ ಬೆಲೆ ಕೊಟ್ಟರು. 2024ರಲ್ಲಿ ಅವರಿಗೆ ವಾಪಸ್ ಕೊಡಲು 3 ಕೋಟಿ ಡಾಲರ್ ಎತ್ತಿಡಬೇಕಾಯಿತು. ಕೊಟ್ಟ ಮಾತು, ತಪ್ಪಿದ ಮಾತು ಎರಡೂ ಒಂದೇ ರಸೀದಿಯಲ್ಲಿ. ಸಂಪ್ರದಾಯವಾದಿ ಶಾಸಕನಿಗೆ ಪತ್ರ ಬರೆಯಲು ಇದಕ್ಕಿಂತ ಒಳ್ಳೆ ವಿಷಯ ಸಿಗುವುದಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಆ ಕಾನೂನನ್ನೇ ರದ್ದು ಮಾಡುವ ಪ್ರಸ್ತಾಪ ರಾಜ್ಯದ ಜನರ ಮುಂದೆ ಹೋಯಿತು. ಜನ ಬೇಡ ಅಂದರು. ಕೃಷಿ ಕಾರ್ಮಿಕರ ಓವರ್‌ಟೈಮ್ ಕೂಡ ಇಂಥದ್ದೇ ಜಗಳ. 2024ರಿಂದ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಸುಗ್ಗಿಯ 12 ವಾರ ಅದನ್ನು 50 ಗಂಟೆಗೆ ಏರಿಸಿ ಅಂತ ಕೇಳಿದ ಮಸೂದೆಗಳು ಬಿದ್ದುಹೋದವು.

ಇವನ್ನೆಲ್ಲ ಓದುವಾಗ ನಮಗೆ ಹೊಸದು ಅನ್ನಿಸುವ ಸಂಗತಿ ಇನ್ನೊಂದಿದೆ. 'ನಾನು ಇದಕ್ಕೆ ವಿರೋಧ ಓಟು ಹಾಕಿದೆ' ಅಂತ ಶಾಸಕ ಬರೆಯುತ್ತಾನೆ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿದರೆ ಶಾಸಕನ ಕುರ್ಚಿಗೇ ಕುತ್ತು. ಅಲ್ಲಿ ಹಾಗಿಲ್ಲ. ಪ್ರತಿ ಮಸೂದೆಯ ಅಂತಿಮ ಓಟು ಹೆಸರಿನ ಸಮೇತ ದಾಖಲಾಗುತ್ತದೆ. ಹಾಗಾಗಿ ಪತ್ರವನ್ನು ದಾಖಲೆ ಜೊತೆ ತಾಳೆ ನೋಡಬಹುದು. ತಾಳೆ ನೋಡಿದರೆ ಒಂದು ಗುಟ್ಟು ಹೊರಬೀಳುತ್ತದೆ: ಪಾಸಾಗುವ ಮಸೂದೆಗಳಲ್ಲಿ ಬಹಳಷ್ಟಕ್ಕೆ ಎರಡೂ ಪಕ್ಷದವರು ಕೈ ಎತ್ತಿರುತ್ತಾರೆ. ಪತ್ರದಲ್ಲಿ ಮಾತ್ರ ದಿನಾ ಯುದ್ಧ.

ಈ ಪತ್ರದ ಖರ್ಚು ತೆರಿಗೆದಾರರದು. ಅದಕ್ಕೇ ಅದರಲ್ಲಿ 'ನನಗೆ ಓಟು ಕೊಡಿ', 'ದೇಣಿಗೆ ಕೊಡಿ' ಅನ್ನುವಂತಿಲ್ಲ. ದೂರು ಬಂದರೆ ವಿಚಾರಿಸಲು ವಿಧಾನಮಂಡಲದ್ದೇ ಒಂದು ನೀತಿ ಮಂಡಳಿ ಇದೆ. ಚುನಾವಣೆ ಇರುವ ವರ್ಷದಲ್ಲಿ ಸರ್ಕಾರಿ ಖರ್ಚಿನಲ್ಲಿ ಸಾಮೂಹಿಕ ಪತ್ರ ಕಳಿಸುವುದಕ್ಕೂ ಕಡಿವಾಣ ಬೀಳುತ್ತದೆ. ಕೆಳಮನೆಯವರಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಅಂದರೆ ಪ್ರತಿ ಸಮ ವರ್ಷವೂ 60 ದಿನದ ಅಧಿವೇಶನ ಮುಗಿದು ಸ್ವಲ್ಪ ದಿನಕ್ಕೆ ಇಮೇಲ್ ನಿಂತುಹೋಗುತ್ತದೆ. ಆಮೇಲೆ ಅದೇ ಮನುಷ್ಯ, ಅದೇ ತೋಳದ ಮಾತು, ಆದರೆ ಚುನಾವಣಾ ಪ್ರಚಾರದ ದುಡ್ಡಿನ ಕರಪತ್ರದಲ್ಲಿ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ಓಟು' ಅನ್ನುವ ಪದ ಬಿಟ್ಟರೆ ವ್ಯತ್ಯಾಸ ಹುಡುಕಲು ಕಷ್ಟಪಡಬೇಕು.

ಕ್ರೆಟ್ಸ್ 2005ರಿಂದ 20 ವರ್ಷ ಆ ಕುರ್ಚಿಯಲ್ಲಿದ್ದು 2025ರ ಜನವರಿಯಲ್ಲಿ ಇಳಿದರು. ಬೈನ್‌ಬ್ರಿಜ್‌ಗೆ ತೋಳ ಹೋಗಲಿಲ್ಲ. ಈಶಾನ್ಯದ ಕಾಡಿನಲ್ಲಿ ಈಗಲೂ ಇವೆ, ರಾಜ್ಯದ ಪಟ್ಟಿಯಲ್ಲಿ ಈಗಲೂ ಅಳಿವಿನಂಚಿನಲ್ಲೇ.